ಸಂಪಾದಕರ ಉತ್ತರ: ಹುಬ್ಬಳ್ಳಿ ಸ್ಟೇಶನ್ನಿಗೂ ಕಾರವಾರದ ಬಂದರಿಗೂ ಇರುವ ಹಳೆಯ ಲೆಕ್ಕ

ಮಾನ್ಯ ಮಾಸ್ತರರೇ,

ನಿಮ್ಮ ಪತ್ರ ತಲುಪಿದೆ. ಹಾಳೆಯ ಎರಡೂ ಮಗ್ಗುಲಿಗೆ ಒತ್ತೊತ್ತಾಗಿ ಬರೆದ ನಾಲ್ಕು ಪುಟಗಳನ್ನು ಇಡಿಯಾಗಿ ಅಚ್ಚು ಹಾಕಲು ನಮ್ಮಲ್ಲಿ ಜಾಗವಿಲ್ಲ. ಹಾಗೆಂದು ‘ಪತ್ರಕ್ಕೆ ಧನ್ಯವಾದ’ ಎಂಬ ಒಂದು ಸಾಲಿನಲ್ಲಿ ಮುಗಿಸಿಬಿಡುವ ಮಾತುಗಳೂ ಅದರಲ್ಲಿಲ್ಲ. ಪತ್ರವನ್ನು ನೋಡಿರದ ಉಳಿದ ಓದುಗರಿಗಾಗಿ ಅದರ ಸಾರವನ್ನು ಮೊದಲು ಹೇಳುತ್ತೇವೆ.

ಕಳೆದ ಸಂಚಿಕೆಯಲ್ಲಿ ನಾವು ಹುಬ್ಬಳ್ಳಿ ರೈಲು ನಿಲ್ದಾಣದ ಮೇಲೊಂದು ಚಿತ್ರಲೇಖನ ಪ್ರಕಟಿಸಿದ್ದೆವು. ಅದರಲ್ಲಿ ‘ಮದ್ರಾಸ್ ಆಂಡ್ ಸದರ್ನ್ ಮರಾಠಾ ರೈಲ್ವೆ ಕಟ್ಟಿಸಿದ ನಿಲ್ದಾಣ’ ಎಂದು ಬರೆದದ್ದು ತಪ್ಪು ಎಂಬುದು ನಿಮ್ಮ ಮೊದಲ ಆಕ್ಷೇಪ. ಉತ್ತರ ಕನ್ನಡದಿಂದ ಹೊರಡುವ ಪತ್ರಿಕೆ ಪರಜಿಲ್ಲೆಯ ನಿಲ್ದಾಣಕ್ಕೆ ಆರು ಪುಟ ಏಕೆ ಕೊಡಬೇಕು ಎಂಬುದು ಎರಡನೆಯದು. ‘ನಮ್ಮ ಪಾಲಿಗೆ ಅದು ಬೇರೆಯವರ ಮನೆಯ ಜಗುಲಿ. ನಾವು ಅಲ್ಲಿ ಕೂತು ಎದ್ದು ಬಂದವರಷ್ಟೇ’ ಎಂದು ನೀವು ಬರೆದಿದ್ದೀರಿ. ಪ್ಲಾಟ್‌ಫಾರ್ಮಿನ ಉದ್ದವನ್ನು ಹೊಗಳುವ ಭರದಲ್ಲಿ ಅದರ ಮೇಲೆ ನಡೆಯಬೇಕಾದವರ ಮೊಣಕಾಲನ್ನು ಮರೆತಿರಿ ಎಂಬುದು ಮೂರನೆಯದು.

ಮೊದಲನೆಯದನ್ನು ತಕರಾರಿಲ್ಲದೆ ಒಪ್ಪಿಕೊಳ್ಳುತ್ತೇವೆ. ತಪ್ಪು ನಮ್ಮದೇ. ಹುಬ್ಬಳ್ಳಿಗೆ ಹಳಿ ತಂದದ್ದು ಸದರ್ನ್ ಮರಾಠಾ ರೈಲ್ವೆ. ಆ ಕಂಪನಿ ಹುಟ್ಟಿದ್ದು 1882ರಲ್ಲಿ, ಅದು ಹುಬ್ಬಳ್ಳಿಯನ್ನು ಮುಟ್ಟಿದ್ದೂ ಅಲ್ಲಿ ತನ್ನ ದೊಡ್ಡ ಕಾರ್ಖಾನೆ ತೆರೆದದ್ದೂ ಅದೇ ದಶಕದಲ್ಲಿ. ‘ಮದ್ರಾಸ್’ ಎಂಬ ಪದ ಅದರ ಹೆಸರಿಗೆ ಅಂಟಿದ್ದು 1908ರ ವಿಲೀನದ ನಂತರವೇ. ಈ ಭಾಗದ ರೈಲು ಕೇವಲ ವ್ಯಾಪಾರಕ್ಕಾಗಿ ಬಂದದ್ದಲ್ಲ ಎಂಬ ಮಾತನ್ನೂ ಲೇಖನದಲ್ಲಿ ಹೇಳಬೇಕಿತ್ತು. 1876ರಿಂದ 78ರವರೆಗೆ, ನಮ್ಮ ಹಿರಿಯರು ಧಾತು–ಈಶ್ವರ ಸಂವತ್ಸರಗಳ ಬರ ಎಂದು ಕರೆದ ಆ ಕ್ಷಾಮದಲ್ಲಿ, ಬಯಲುಸೀಮೆಯ ಊರುಗಳಿಗೆ ಧಾನ್ಯ ಸಾಗಿಸಲು ದಾರಿಯಿಲ್ಲದೆ ಜನ ಸತ್ತರು. ಧಾನ್ಯ ಎಳೆದು ತರಬೇಕಾದ ಎತ್ತಿಗೇ ದಾರಿಯುದ್ದಕ್ಕೂ ಮೇವು–ನೀರು ಇರಲಿಲ್ಲ. ಬಿಜಾಪುರ, ಧಾರವಾಡ ಸೀಮೆಗಳಲ್ಲಿ ಮೀಟರ್‌ಗೇಜ್ ಹಳಿಗಳನ್ನು ಹಾಸುವ ಯೋಜನೆಗೆ ಜೀವ ಬಂದದ್ದು ಆ ಸಾವುಗಳ ನಂತರ.

ಈ ಕಂಪನಿಯ ಮುಖ್ಯ ಕಚೇರಿ ಇದ್ದದ್ದು ಹುಬ್ಬಳ್ಳಿಯಲ್ಲಲ್ಲ, ಧಾರವಾಡದಲ್ಲಿ. ವಿಲೀನದ ತರುವಾಯ ಕಚೇರಿ ಮದ್ರಾಸಿಗೆ ಹೋಯಿತು, ಕಟ್ಟಡ ಖಾಲಿಯಾಯಿತು, ಆ ಕಟ್ಟಡದಲ್ಲಿ ಕರ್ನಾಟಕ ಕಾಲೇಜು ಬಂದು ಕೂತಿತು. ನೀವು ಎಪ್ಪತ್ತರ ದಶಕದ ಆರಂಭದಲ್ಲಿ ಅದೇ ಕಾಲೇಜಿನಲ್ಲಿ ಓದಿದವರೆಂದು ಪತ್ರದ ಕೊನೆಯ ಪುಟದಲ್ಲಿ ಬರೆದಿದ್ದೀರಿ. ಅಂದರೆ, ಮಾಸ್ತರರೇ, ಪರರ ಜಗುಲಿ ಎಂದು ನೀವು ಕರೆದ ಮನೆಯ ಒಳಕೋಣೆಯಲ್ಲಿ ಕೂತು ನೀವು ಪಾಠ ಕೇಳಿದ್ದೀರಿ. ಇದನ್ನು ವಾದಕ್ಕಾಗಿ ಹೇಳುತ್ತಿಲ್ಲ, ನಗುವಿಗಾಗಿ ಹೇಳುತ್ತಿದ್ದೇವೆ. ವಾದ ಮುಂದಿದೆ.

ಅದಕ್ಕೆ ಬರುವ ಮೊದಲು ಆಡಳಿತದ ಲೆಕ್ಕವನ್ನು ಬೇಗ ಮುಗಿಸೋಣ. 1951ರಲ್ಲಿ ದಕ್ಷಿಣ ರೈಲ್ವೆ, 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆ, 2003ರ ಏಪ್ರಿಲ್ 1ರಿಂದ ಹುಬ್ಬಳ್ಳಿಯೇ ಕೇಂದ್ರವಾದ ನೈರುತ್ಯ ರೈಲ್ವೆ. 2020ರಿಂದ ನಿಲ್ದಾಣಕ್ಕೆ ಶ್ರೀ ಸಿದ್ಧಾರೂಢ ಸ್ವಾಮೀಜಿಯವರ ಹೆಸರು. ಊರಿನ ಹೆಸರನ್ನು ಇಂಗ್ಲಿಷಿನಲ್ಲೂ ಹುಬ್ಬಳ್ಳಿ ಎಂದೇ ಬರೆಯಬೇಕೆಂದು 2014ರಲ್ಲಿ ತೀರ್ಮಾನವಾದರೂ ಟಿಕೆಟ್ಟಿನ ಮೇಲಿನ ಸಂಕೇತ ಮಾತ್ರ ಇವತ್ತಿಗೂ ಯು.ಬಿ.ಎಲ್. ಎಂದೇ ಉಳಿದುಕೊಂಡಿದೆ.

ಈಗ ನಿಮ್ಮ ಎರಡನೆಯ ಆಕ್ಷೇಪ. ಆ ನಿಲ್ದಾಣ ನಮ್ಮದಲ್ಲ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಘಟ್ಟದ ಕೆಳಗಿನ ಬಂದರುಗಳ ಏಳುಬೀಳನ್ನು ಬಿಟ್ಟು ಹುಬ್ಬಳ್ಳಿ ನಿಲ್ದಾಣದ ಚರಿತ್ರೆ ಬರೆದರೆ ಅದು ಅರ್ಧ ಚರಿತ್ರೆಯಾಗುತ್ತದೆ, ಮತ್ತು ನಮ್ಮ ಲೇಖನದ ನಿಜವಾದ ಕೊರತೆ ಅದೇ.

ರೈಲಿನ ಮಾತೇ ಇಲ್ಲದ ಕಾಲದಲ್ಲಿ ಹುಬ್ಬಳ್ಳಿ–ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ನಿಮ್ಮ ಶಿರಸಿಯ ಮೇಲೆ ಹಾದು, ದೇವಿಮನೆ ಘಟ್ಟ ಇಳಿದು, ಕುಮಟೆಗೆ ಬಂದು ಹಾಯಿಹಡಗು ಹತ್ತಿ ಮುಂಬೈಗೆ ಹೋಗುತ್ತಿತ್ತು. ಮುಂಬೈಯ ಪೇಟೆಯಲ್ಲೂ ಇಂಗ್ಲೆಂಡಿನ ಲಿವರ್‌ಪೂಲ್ ಪೇಟೆಯಲ್ಲೂ ಆ ಹತ್ತಿಯ ಹೆಸರೇ ‘ಕುಮಟಾ’. ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲ ಎಂಬುದು ನಿಮಗೂ ನಮಗೂ ಗೊತ್ತು. ಕಪ್ಪು ಮಣ್ಣಿನಲ್ಲಿ ಬೆಳೆದ ಬೆಳೆ, ಹಡಗು ಹತ್ತಿದ ಊರಿನ ಹೆಸರನ್ನು ಹೊತ್ತುಕೊಂಡಿತು. ಬಯಲುಸೀಮೆಯ ಬಾಗಿಲು ನಮ್ಮ ಕರಾವಳಿಯಲ್ಲಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ನಿಂತುಹೋದಾಗ ಮ್ಯಾಂಚೆಸ್ಟರಿನ ಗಿರಣಿಗಳ ಕಣ್ಣು ಧಾರವಾಡದ ಹತ್ತಿಯ ಮೇಲೆ ಬಿತ್ತು. ಕುಮಟೆಯಲ್ಲಿ ದೊಡ್ಡ ಹಡಗು ನಿಲ್ಲಲು ಆಸರೆಯಿಲ್ಲ, ಕಾರವಾರದಲ್ಲಿ ಇದೆ. ಕೆನರಾ ಜಿಲ್ಲೆಯ ಉತ್ತರ ಭಾಗವನ್ನು 1862ರಲ್ಲಿ ಮದ್ರಾಸ್ ಪ್ರಾಂತದಿಂದ ಬಿಡಿಸಿ ಮುಂಬೈ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಕಾರವಾರದ ಬಂದರನ್ನು ಬೆಳೆಸಬೇಕೆಂಬ ಈ ಒತ್ತಾಯವೂ ಇತ್ತು. ಉತ್ತರ ಕನ್ನಡ ಎಂಬ ನಮ್ಮ ಜಿಲ್ಲೆ ಬೇರೆಯಾಗಿ ರೂಪುಗೊಂಡದ್ದಕ್ಕೆ ಹತ್ತಿಯೂ ಒಂದು ಕಾರಣ ಎಂದರೆ ಉತ್ಪ್ರೇಕ್ಷೆಯಲ್ಲ. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಸದಾಶಿವಗಡದ ಕಡೆ ಯಂತ್ರಗಳನ್ನು ತಂದಿಳಿಸಿತು. ಇಳಿಸಲು ಸರಿಯಾದ ಧಕ್ಕೆಯಿರಲಿಲ್ಲ, ಘಟ್ಟ ಹತ್ತಿಸಲು ರಸ್ತೆ ಮುಗಿದಿರಲಿಲ್ಲ. ದೇವಗಡ ನಡುಗಡ್ಡೆಯ ದೀಪಸ್ತಂಭ 1864ರದ್ದು. ಕಾರವಾರದ ಕಡಲ ದಂಡೆಯಲ್ಲಿ ನಿಂತರೆ ರಾತ್ರಿ ಅದರ ಬೆಳಕು ಈಗಲೂ ಕಾಣುತ್ತದೆ. ಕಾರವಾರದಿಂದ ಹುಬ್ಬಳ್ಳಿಗೆ ರೈಲು ಹಾಕುವ ಮಾತು ಮೊದಲು ಎದ್ದದ್ದೂ ಅದೇ ದಶಕದಲ್ಲಿ. ‘ಕಾರವಾರದ ರೈಲಿನ ಕಾಗದ ನನ್ನ ಅಜ್ಜನಿಗಿಂತ ಹಳೆಯದು ಎಂದು ಹುಡುಗನಾಗಿದ್ದಾಗ ಕೇಳಿದ್ದೆ, ನಿಜವೇ?’ ಎಂದು ನೀವು ಕೇಳಿದ್ದಿರಿ. ನಿಜ. ಬಹುಶಃ ಮುತ್ತಜ್ಜನ ಲೆಕ್ಕಕ್ಕೆ ಹೋಗುತ್ತದೆ.

ಆದರೆ ಯುದ್ಧ ಮುಗಿಯಿತು, ಅಮೆರಿಕದ ಹತ್ತಿ ಮತ್ತೆ ಬಂತು, ಮ್ಯಾಂಚೆಸ್ಟರ್ ಕಂಪನಿಯೂ ಉಳಿಯಲಿಲ್ಲ. ಕಾರವಾರದ ರೈಲು ಕಡತದಿಂದ ಕಡತಕ್ಕೆ ಓಡಾಡಿತು. ಅಷ್ಟರಲ್ಲಿ 1878ರಲ್ಲಿ ಬ್ರಿಟಿಷರಿಗೂ ಪೋರ್ತುಗೀಜರಿಗೂ ಒಪ್ಪಂದವಾಗಿ, ಗೋವೆಯ ಮುರಗಾಂವ ಬಂದರಿನಿಂದ ಘಟ್ಟದ ಮೇಲಕ್ಕೆ ಹಳಿ ಹಾಕುವುದು ನಿಶ್ಚಯವಾಯಿತು. 1888ರ ಹೊತ್ತಿಗೆ ಆ ಹಳಿ ಬ್ರಗಾಂಜಾ ಘಟ್ಟ ಹತ್ತಿ, ದೂಧಸಾಗರದ ಎದುರು ಹಾದು, ಕ್ಯಾಸಲ್‌ರಾಕ್‌ನಲ್ಲಿ ಸದರ್ನ್ ಮರಾಠಾ ರೈಲಿನ ಹಳಿಯನ್ನು ಕೂಡಿತು. ಹುಬ್ಬಳ್ಳಿಯ ಹತ್ತಿಗೆ ಕಡಲು ಸಿಕ್ಕಿತು, ಅದು ಕಾರವಾರದ ಕಡಲಾಗಿರಲಿಲ್ಲ. ಕ್ಯಾಸಲ್‌ರಾಕ್ ಇರುವುದು ನಮ್ಮದೇ ಜಿಲ್ಲೆಯ ಸೂಪಾ ಸೀಮೆಯಲ್ಲಿ, ಈಗಿನ ಜೋಯಿಡಾ ತಾಲೂಕಿನಲ್ಲಿ. ಹೀಗಾಗಿ ಉತ್ತರ ಕನ್ನಡಕ್ಕೆ ರೈಲು ಹತ್ತೊಂಬತ್ತನೇ ಶತಮಾನದಲ್ಲೇ ಬಂದಿತ್ತು, ಬಂದದ್ದು ಮಾತ್ರ ನಮ್ಮ ಬಂದರನ್ನು ಸೊರಗಿಸಲು. ಆ ಹಳಿ ಬಿದ್ದ ಮೇಲೆ ಕಾರವಾರದ ವ್ಯಾಪಾರ ಬತ್ತಿತು, ಹುಬ್ಬಳ್ಳಿ ಮೂರು ದಿಕ್ಕಿನ ಹಳಿಗಳು ಸೇರುವ ಜಂಕ್ಷನ್ ಆಗಿ ಬೆಳೆಯಿತು.

ಈ ಕಥೆಗೆ ಇನ್ನೊಂದು ತಿರುವಿದೆ. 1998ರ ಜನವರಿ 26ರಂದು ಕೊಂಕಣ ರೈಲ್ವೆ ಲೋಕಾರ್ಪಣೆಯಾಯಿತು, ಕಾರವಾರಕ್ಕೂ ನಿಲ್ದಾಣ ಸಿಕ್ಕಿತು, ಊರಿನಿಂದ ದೂರ ಶಿರವಾಡದಲ್ಲಿ. ಹೊನ್ನಾವರದಲ್ಲಿ ಶರಾವತಿಯ ಮೇಲೆ ಎರಡು ಕಿಲೋಮೀಟರ್ ಮೀರಿದ ಸೇತುವೆ ಎದ್ದಿತು. ಮುಂಬೈಗೂ ಮಂಗಳೂರಿಗೂ ನಾವು ನೇರ ಹೋಗುತ್ತೇವೆ. ಹುಬ್ಬಳ್ಳಿಗೆ? ಕಾರವಾರದವರು ಇವತ್ತಿಗೂ ರೈಲಿನಲ್ಲೇ ಹುಬ್ಬಳ್ಳಿಗೆ ಹೋಗುತ್ತೇವೆಂದು ಹಟ ಹಿಡಿದರೆ ಮೊದಲು ಉತ್ತರಕ್ಕೆ ಮಡಗಾಂವಕ್ಕೆ ಹೋಗಿ, ಅಲ್ಲಿ ಗಾಡಿ ಬದಲಿಸಿ, ಕುಳೆಯಿಂದ ಕ್ಯಾಸಲ್‌ರಾಕ್‌ವರೆಗೆ ಮೂವತ್ತೇಳು ಅಡಿಗೆ ಒಂದಡಿ ಏರುವ ಅದೇ ಬ್ರಗಾಂಜಾ ಘಟ್ಟವನ್ನು ಹತ್ತಿ ಲೋಂಡಾದ ಮೇಲೆ ಬರಬೇಕು. ನಮ್ಮನ್ನು ಸೋಲಿಸಿದ ಹಳಿಯೇ ನಮಗೆ ದಾರಿ. ರಸ್ತೆಯಲ್ಲಾದರೆ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರದ ಮೇಲೆ ಅರ್ಧ ದಿನವೂ ಬೇಡ.

ಹುಬ್ಬಳ್ಳಿ–ಅಂಕೋಲಾ ರೈಲಿನ ಬಗ್ಗೆ ನಮ್ಮ ನಿಲುವೇನೆಂದು ಕೇಳಿದ್ದೀರಿ. 1997–98ರಲ್ಲಿ ಮಂಜೂರಾದ ಯೋಜನೆ ಅದು. ಹುಬ್ಬಳ್ಳಿಯಿಂದ ಕಲಘಟಗಿಯ ಕಡೆಗೆ ಒಂದಿಷ್ಟು ಮಣ್ಣಿನ ಕೆಲಸವಾಗಿ, ಅರಣ್ಯದ ಪ್ರಶ್ನೆ ಎದ್ದು ನಿಂತಿತು. 2020ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿದಾಗ ವಿಷಯ ಹೈಕೋರ್ಟಿಗೆ ಹೋಯಿತು. ಅಂಕೋಲೆಯ ಮೀನು ವ್ಯಾಪಾರಿ ಈ ರೈಲನ್ನು ಬೇಡುವುದರಲ್ಲಿ ನ್ಯಾಯವಿದೆ. 1983ರಲ್ಲಿ ಸಾಲ್ಕಣಿಯ ಕಾಡಿನಲ್ಲಿ ಮರ ಅಪ್ಪಿಕೊಂಡು ನಿಂತ ನಿಮ್ಮ ಸೀಮೆಯ ಜನ ಅದನ್ನು ಅನುಮಾನಿಸುವುದರಲ್ಲೂ ನ್ಯಾಯವಿದೆ. ನಮ್ಮ ಮಟ್ಟಿಗೆ, ಘಟ್ಟದ ಮಣ್ಣು ಪ್ರತಿ ಮಳೆಗಾಲ ಜಾರುವುದನ್ನು ಕಣ್ಣಾರೆ ನೋಡುವ ನಮಗೆ, ಅನುಮಾನದ ತಕ್ಕಡಿ ತುಸು ಕೆಳಗೇ ತೂಗುತ್ತದೆ. ‘ಇನ್ನೇನು ಬಂತು’ ಎಂಬ ತಲೆಬರಹವನ್ನಂತೂ ಈ ರೈಲಿನ ಬಗ್ಗೆ ಇನ್ನು ಮುಂದೆ ಹಾಕುವುದಿಲ್ಲವೆಂದು ಕಚೇರಿಯಲ್ಲಿ ಮಾತಾಡಿಕೊಂಡಿದ್ದೇವೆ.

ಇನ್ನು ನೀವು ಬರೆದ ಪ್ರಯಾಣದ ಭಾಗ. 1974ರಲ್ಲಿ ಮುಂಬೈಯ ಸೋದರಮಾವನ ಮನೆಗೆ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಹೊತ್ತು ಹೋದ ಪ್ರಸಂಗವನ್ನು ನಮ್ಮ ಕಚೇರಿಯಲ್ಲಿ ಎಲ್ಲರೂ ಓದಿ ನಕ್ಕಿದ್ದಾರೆ. ಕರಾವಳಿಯವರಿಗೆ ಆಗಬೋಟಿನ, ಅಂದರೆ ಉಗಿಹಡಗಿನ, ನೆನಪಿದ್ದಂತೆ ಘಟ್ಟದ ಮೇಲಿನವರಿಗೆ ಹುಬ್ಬಳ್ಳಿ ಸ್ಟೇಶನ್ನಿನ ನೆನಪು. ಶಿರಸಿಯಿಂದ ನೂರು ಕಿಲೋಮೀಟರ್ ಬಸ್ಸಿನಲ್ಲಿ ಕುಲುಕಿ ಬಂದು, ಮೀಟರ್‌ಗೇಜಿನ ಇಕ್ಕಟ್ಟಾದ ಡಬ್ಬಿ ಹತ್ತಿ, ನಡುರಾತ್ರಿಯಲ್ಲಿ ಮಿರಜದಲ್ಲಿ ಸಾಮಾನು ಸಮೇತ ಇಳಿದು ದೊಡ್ಡ ಹಳಿಯ ಗಾಡಿಗೆ ಓಡಬೇಕು. ಅದಕ್ಕೂ ಮೊದಲು, ಮಿರಜದವರೆಗೆ ಬ್ರಾಡ್‌ಗೇಜ್ ಬಂದಿರದ ಕಾಲದಲ್ಲಿ, ಈ ಓಟ ಪುಣೆಯಲ್ಲಿ ನಡೆಯುತ್ತಿತ್ತು. ಹಳಿಯ ಅಗಲ ಒಂದು ಮೀಟರಿನಿಂದ ಐದೂವರೆ ಅಡಿಗೆ ಹಿಗ್ಗುವ ಜಾಗದಲ್ಲಿ ಎಷ್ಟು ಹಲಸಿನ ಹಪ್ಪಳದ ಕಟ್ಟುಗಳು ಪುಡಿಯಾದವೋ ಲೆಕ್ಕವಿಟ್ಟವರಿಲ್ಲ. ಹುಬ್ಬಳ್ಳಿಯ ಹಮಾಲ ನಿಮ್ಮ ಭರಣಿಯನ್ನು ಎತ್ತಿ ನೋಡಿ, ಮೂಗಿನ ಹತ್ತಿರ ತಂದು, ‘ಏನೈತ್ರಿ ಇದರಾಗ? ಬಾಯಾಗ ನೀರು ಬರಾಕತ್ತೇತಲ್ರೀ’ ಎಂದದ್ದು, ಭರಣಿಯ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಎರಡು ಮಿಡಿ ಕೊಟ್ಟ ಮೇಲೆ ಕೂಲಿ ಬೇಡವೆಂದದ್ದು, ಆಮೇಲೆ ಬಟ್ಟೆ ಸರಿಯಾಗಿ ಕಟ್ಟದೆ ಮಿರಜ ಮುಟ್ಟುವಷ್ಟರಲ್ಲಿ ಎಣ್ಣೆ–ಖಾರ ಸೋರಿ ಪಕ್ಕದವರ ಹಾಸಿಗೆ ಕೆಂಪಾದದ್ದು. ಇವೆಲ್ಲ ನಮ್ಮ ಚಿತ್ರಲೇಖನದ ಆರು ಪುಟಗಳಲ್ಲಿ ಇರಬೇಕಾಗಿದ್ದ ಸಂಗತಿಗಳು.

ನಮ್ಮ ಅನುಭವ ಅಷ್ಟು ರುಚಿಯದಲ್ಲ. ಒಂದು ಜುಲೈ ತಿಂಗಳಲ್ಲಿ ಅರಬೈಲ್ ಘಟ್ಟದಲ್ಲಿ ಮರ ಅಡ್ಡ ಬಿದ್ದು ಬಸ್ಸು ಮೂರು ತಾಸು ನಿಂತಿತು. ಹುಬ್ಬಳ್ಳಿ ಮುಟ್ಟಿ, ಪಾವಟಿಗೆ ಹತ್ತಿ ಪ್ಲಾಟ್‌ಫಾರ್ಮಿಗೆ ಬಂದಾಗ ಬೆಂಗಳೂರು ಗಾಡಿಯ ಹಿಂದಿನ ಕೆಂಪು ದೀಪ ಕುಂದಗೋಳದ ಕಡೆಗೆ ಸಣ್ಣದಾಗುತ್ತಿತ್ತು. ಒದ್ದೆ ಚೀಲವನ್ನು ತಲೆಯಡಿ ಇಟ್ಟು ಕಲ್ಲುಬೆಂಚಿನ ಮೇಲೆ ಕಳೆದ ಆ ರಾತ್ರಿ ಗೊತ್ತಾದದ್ದೇನೆಂದರೆ, ಹುಬ್ಬಳ್ಳಿ ಸ್ಟೇಶನ್ನು ರಾತ್ರಿ ಮಲಗುವುದಿಲ್ಲ. ಸಾಮಾನು ಗಾಡಿಗಳ ಡಬ್ಬಿ ಜೋಡಿಸುವ ಸದ್ದು, ಮಧ್ಯೆ ಮಧ್ಯೆ ಚಹಾದವನ ಕೂಗು, ನಸುಕಿನಲ್ಲಿ ಸಿದ್ಧಾರೂಢ ಮಠಕ್ಕೆಂದು ಇಳಿದ ಭಕ್ತರ ಭಜನೆ. ಪಕ್ಕದಲ್ಲಿ ಮಲಗಿದ್ದ ಗದಗಿನ ಅಜ್ಜಿ ತನ್ನ ಗಂಟಿನಿಂದ ಅರ್ಧ ಜೋಳದ ರೊಟ್ಟಿ ಮುರಿದು ಕೊಟ್ಟು, ಯಾವ ಊರೆಂದು ಕೇಳಿ, ‘ಅಲ್ಲಿ ಮಳಿ ನಿಂತೈತೇನ್’ ಎಂದು ವಿಚಾರಿಸಿದ್ದರು. ಜಗುಲಿ ಎಂಬ ನಿಮ್ಮ ಮಾತನ್ನು ಓದಿದಾಗ ನೆನಪಾದದ್ದು ಆ ಅಜ್ಜಿ. ಜಗುಲಿಯೇ ಇರಬಹುದು, ಆದರೆ ಅಲ್ಲಿ ನಮ್ಮನ್ನು ಯಾರೂ ಎಬ್ಬಿಸಿರಲಿಲ್ಲ.

ಕೊನೆಯ ಆಕ್ಷೇಪ ಮೊಣಕಾಲಿನದು, ಮತ್ತು ಅದು ಸರಿಯಾಗಿಯೇ ಇದೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಪ್ಲಾಟ್‌ಫಾರ್ಮಿನ ಉದ್ದ 1507 ಮೀಟರ್. ಅದಕ್ಕೂ ಮುಂಚೆ ಜಗತ್ತಿನಲ್ಲೇ ಉದ್ದ ಎನಿಸಿಕೊಂಡಿದ್ದ ಗೋರಖಪುರದ್ದು 1366 ಮೀಟರ್. ಇದನ್ನು ಕೇವಲ ದಾಖಲೆಗಾಗಿ ಕಟ್ಟಿದ್ದಲ್ಲ. ಜೋಡಿಹಳಿಯ ಕೆಲಸ ನಡೆದಾಗ ಯಾರ್ಡನ್ನು ಹೊಸದಾಗಿ ಜೋಡಿಸಬೇಕಾಯಿತು, ಐದು ಪ್ಲಾಟ್‌ಫಾರ್ಮ್ ಎಂಟಾದವು, ಹಳೆಯದೊಂದನ್ನು ಉದ್ದಕ್ಕೆ ಬೆಳೆಸಿದರು. ಇಪ್ಪತ್ನಾಲ್ಕು ಡಬ್ಬಿಯ ಗಾಡಿಯೊಂದು ಆರುನೂರು ಮೀಟರಿನೊಳಗೆ ಮುಗಿಯುತ್ತದೆ, ಆದ್ದರಿಂದ ಒಂದರ ಹಿಂದೊಂದು ಎರಡು ಗಾಡಿ ನಿಂತರೂ ಜಾಗ ಮಿಕ್ಕುತ್ತದೆ, ಒಂದು ಈಚೆ ಒಂದು ಆಚೆ ಹೊರಡಬಹುದು. ರೈಲಿನವರಿಗೆ ಅನುಕೂಲ. ಆದರೆ ನಿಧಾನವಾಗಿ, ಸೆಕೆಂಡಿಗೊಂದು ಮೀಟರಿನಂತೆ ನಡೆಯುವ ಹಿರಿಯರು ಈ ತುದಿಯಿಂದ ಆ ತುದಿಗೆ ಹೋಗಲು ಇಪ್ಪತ್ತೈದು ನಿಮಿಷ ಬೇಕು. ಲೇಖನದಲ್ಲಿ ನಾವು ಈ ಲೆಕ್ಕ ಹಾಕಲಿಲ್ಲ, ಹಾಕಬೇಕಿತ್ತು.

ಬರುವ ತಿಂಗಳು ಮಗಳ ಮನೆಗೆ ಹೋಗಲು ಅಲ್ಲಿಂದಲೇ ಗಾಡಿ ಹತ್ತುವುದಾಗಿ ಬರೆದಿದ್ದೀರಿ. ರಿಕ್ಷಾದಿಂದ ಇಳಿಯುವ ಮೊದಲೇ ಗಾಡಿ ಎಷ್ಟನೇ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಫೋನಿನಲ್ಲಿ ಯಾರಿಂದಾದರೂ ನೋಡಿಸಿಕೊಳ್ಳಿ. ಊರ ಕಡೆಯ ಮುಖ್ಯದ್ವಾರವಲ್ಲದೆ ಗದಗ ರಸ್ತೆಯ ಕಡೆಗೂ ಒಂದು ಪ್ರವೇಶವಿದೆ, ಯಾವುದು ಹತ್ತಿರವೋ ಅಲ್ಲಿಗೆ ರಿಕ್ಷಾ ಬಿಡಿಸಿಕೊಳ್ಳಿ. ಒಳಗೆ ಹೋದ ಮೇಲೆ ಡಬ್ಬಿಯ ಸಂಖ್ಯೆ ತೋರಿಸುವ ಫಲಕ ನೋಡಿಯೇ ಕೂರಿ. ಮೊದಲು ಸಿಕ್ಕ ಬೆಂಚಿನಲ್ಲಿ ಕೂತರೆ ಗಾಡಿ ಬಂದಾಗ ಓಡಬೇಕಾಗುತ್ತದೆ. ಸಮಯ ಮಿಕ್ಕಿದರೆ ಗದಗ ರಸ್ತೆಯ ಬದಿಯಲ್ಲೇ ರೈಲ್ವೆ ಮ್ಯೂಸಿಯಂ ಇದೆ. 2020ರಲ್ಲಿ ತೆರೆದದ್ದು, ಮಲಪ್ರಭಾ–ಘಟಪ್ರಭಾ ಎಂಬ ಎರಡು ಹಳೆಯ ಬಂಗಲೆಗಳಲ್ಲಿ. ನೀವು ಹತ್ತಿದ ಸಣ್ಣ ಹಳಿಯ ಕಾಲದ ಸಾಮಾನುಗಳನ್ನು ಅಲ್ಲಿ ನೋಡಬಹುದು.

ಪತ್ರದ ಕಡೆಯಲ್ಲಿ, ಆ ಪ್ರಯಾಣದ ರಟ್ಟಿನ ಟಿಕೆಟ್ಟು ಇನ್ನೂ ಟ್ರಂಕಿನಲ್ಲಿದೆ, ಬೇಕಾದರೆ ಅಂಚೆಯಲ್ಲಿ ಕಳಿಸುತ್ತೇನೆ ಎಂದಿದ್ದೀರಿ. ದಯವಿಟ್ಟು ಟಿಕೆಟ್ಟನ್ನು ಕಳಿಸಬೇಡಿ, ಈ ಮಳೆಯಲ್ಲಿ ಐವತ್ತು ವರ್ಷದ ರಟ್ಟು ತಾಳುವುದಿಲ್ಲ. ಮೊಮ್ಮಕ್ಕಳಿಂದ ಎರಡೂ ಬದಿಯ ಫೋಟೋ ತೆಗೆಸಿ ಕಳಿಸಿದರೆ ಸಾಕು. ತಾರೀಖನ್ನು ಯಂತ್ರದಲ್ಲಿ ಒತ್ತಿರುತ್ತಾರಾದ್ದರಿಂದ ಶಾಯಿ ಮಾಸಿದ್ದರೂ ಬೆಳಕನ್ನು ಓರೆಯಾಗಿ ಹಿಡಿದಾಗ ಅಂಕಿ ಕಾಣುತ್ತದೆ, ಹಾಗೆ ಹಿಡಿದು ತೆಗೆಯಲು ಹೇಳಿ. ತಿದ್ದುಪಡಿ ಮತ್ತು ಭರಣಿಯ ಪ್ರಸಂಗದ ಜೊತೆಗೆ ಮುಂದಿನ ಸಂಚಿಕೆಯಲ್ಲಿ ಅದನ್ನು ಅಚ್ಚು ಹಾಕುತ್ತೇವೆ.

ಇತಿ,
ಸಂಪಾದಕರು